ಈಗ ಬ್ಯಾಡ ತಮ್ಮಾ

ಧಾರವಾಡದ ಮಾರ್ಕೆಟ್ಟಿನ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಇತ್ತು. ಅಲ್ಲಿನ ಕಾಕಾ ಕೊಟ್ಟ ಕ್ಯಾಸೆಟ್ಟುಗಳಿಗಿಂತ ಕೊಡದೆ ಇಟ್ಟುಕೊಂಡವೇ ನನಗೆ ಹೆಚ್ಚು ನೆನಪಿವೆ. ಕಾಲೇಜು ಹುಡುಗರು ಹೋಗಿ ಮಲ್ಲಿಕಾರ್ಜುನ ಮನ್ಸೂರರದು ಕೊಡ್ರಿ ಅಂದರೆ, ಚಾಳೀಸಿನ ಮೇಲಿಂದ ಒಮ್ಮೆ ನೋಡಿ, “ಈಗ ಬ್ಯಾಡ ತಮ್ಮಾ. ಅವರೆಲ್ಲಿ ಓಡಿ ಹೊಂಟಾರ? ಮೊದಲ ಭೀಮಸೇನರನ್ನ ಕೇಳು” ಅನ್ನುತ್ತಿದ್ದರು. ದುಡ್ಡು ಹಿಡಿದು ನಿಂತ ಗಿರಾಕಿಗೆ ಸರಕು ಇದೆ, ಆದರೆ ನಿನಗೆ ಸದ್ಯಕ್ಕೆ ಕೊಡುವುದಿಲ್ಲ ಎನ್ನುವ ವ್ಯಾಪಾರಿಯನ್ನು ಈಗ ಎಲ್ಲಿಂದ ತರುವುದು?

ಆ ಮಾತಿಗೆ ಒಂದು ಲೆಕ್ಕವಿತ್ತು. ಕಿರಾಣಾ ಘರಾಣೆಯ ಭೀಮಸೇನ ಜೋಶಿ ಒಂದೊಂದೇ ಸ್ವರವನ್ನು ಬೆಳೆಸಿಕೊಂಡು ನಿಧಾನವಾಗಿ ಮೇಲೇರುತ್ತಾರೆ. ರಾಗ ಬಿಚ್ಚಿಕೊಳ್ಳುವ ಬಗೆ ಹೊಸ ಕಿವಿಗೂ ಹತ್ತುತ್ತದೆ. ಮನ್ಸೂರರದು ಜೈಪುರ-ಅತ್ರೌಲಿ ದಾರಿ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಿಂದ ಬಂದದ್ದು. ಜೋಡರಾಗಗಳು, ಹೆಸರೇ ಕೇಳಿರದ ರಾಗಗಳು, ಲಯದೊಳಗೇ ಸುತ್ತಿ ಸುತ್ತಿ ಸಮಕ್ಕೆ ಬಂದು ಬೀಳುವ ತಾನುಗಳು. ಬಿಹಾಗದ ಗುರುತೇ ಇಲ್ಲದವನಿಗೆ ನಟಬಿಹಾಗದಲ್ಲಿ ಏನು ಸಿಕ್ಕೀತು? ಅದಕ್ಕೇ ಕಾಕಾನ ಕ್ರಮ: ಭೀಮಸೇನರಾದ ಮೇಲೆ ಗಂಗೂಬಾಯಿ ಹಾನಗಲ್, ಆಮೇಲೆ ಬಸವರಾಜ ರಾಜಗುರು, ಕಡೆಗೆ ಮನ್ಸೂರರು. ಕುಮಾರ ಗಂಧರ್ವರ ಹೆಸರು ಈ ಸಾಲಿನಲ್ಲೇ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ “ಅವರು ತಾವ ಬರ್ತಾರ ನಿನ್ನ ಕಡೆ” ಅಂದಿದ್ದರು. ಕಾಕಾ ಸಂಗೀತ ಕಲಿತವರೇನಲ್ಲ. ಆಕಾಶವಾಣಿ ಕೇಳಿ, ಊರಿನ ಬೈಠಕ್ಕುಗಳಲ್ಲಿ ಕಂಬಕ್ಕೆ ಒರಗಿ ಕೂತು ಕಿವಿ ಬೆಳೆಸಿಕೊಂಡವರು. ಧಾರವಾಡದಲ್ಲಿ ಅಂಥವರು ಓಣಿಗೊಬ್ಬರು ಸಿಗುತ್ತಿದ್ದರು.

ಕ್ಯಾಸೆಟ್ಟಿನ ಜೊತೆ ಹೊತ್ತನ್ನೂ ಹೇಳಿ ಕಳಿಸುತ್ತಿದ್ದರು. ತೋಡಿ ಕೊಟ್ಟರೆ “ರಾತ್ರಿ ಹಚ್ಚಬ್ಯಾಡ”. ಮುಂದಿನ ವಾರ ಆ ಕಡೆ ಹೋದಾಗ ವಿಚಾರಣೆ ತಪ್ಪಿದ್ದಲ್ಲ. ‘ಚಲೋ ಅದರಿ ಕಾಕಾ’ ಅಂದು ಪಾರಾಗುವಂತಿರಲಿಲ್ಲ. “ಚಲೋ ಅಂತ ಭಜಿಗೂ ಅಂತಾರ. ಎಲ್ಲಿ ಹಿಡೀತು, ಅದನ್ನ ಹೇಳು.” ಹೇಳಬೇಕೆಂದರೆ ಕೇಳಬೇಕು, ಮನಸ್ಸಿಟ್ಟು ಕೇಳಬೇಕು. ಹೀಗೆ ಉತ್ತರ ಕೊಡಬೇಕೆಂಬ ಭಯದಲ್ಲೇ ನಮ್ಮ ಪೀಳಿಗೆಯ ಎಷ್ಟೋ ಜನ ರಸಿಕರಾದರು ಎಂದು ನನ್ನ ಗುಮಾನಿ.

ಈ ಸೀಮೆಯಲ್ಲಿ ಅಂಗಡಿಯ ಹಾಡಿಗೆ ಹಳೆಯ ಕೀರ್ತಿಯೂ ಇದೆ. ಗದಗಿನ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯನ್ನು ಕೇಳಿದ್ದು ಅಂಗಡಿಯೊಂದರಲ್ಲಿ ಹಚ್ಚಿದ್ದ ಪ್ಲೇಟಿನಿಂದ. ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದ. ಆ ಅಂಗಡಿಯವನೇನೂ ಹುಡುಗನಿಗೆಂದು ಹಚ್ಚಿರಲಿಲ್ಲ. ತನಗೆ ಬೇಕಾದದ್ದನ್ನು ಊರಿಗೆಲ್ಲ ಕೇಳುವಂತೆ ಹಚ್ಚಿದ್ದ, ಅಷ್ಟೇ. ಈಗ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಪಕ್ಕದವನ ಹುಚ್ಚು ನಮಗೆ ಹತ್ತುವ ದಾರಿಯೇ ಇಲ್ಲ.

ಸಿನಿಮಾಕ್ಕೆ ಈ ಬಗೆಯ ಕಾಕಾ ಎಂದರೆ ಮಲೆನಾಡಿನ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. 1973ರಲ್ಲಿ ಅವರು ನೀನಾಸಮ್ ಚಿತ್ರಸಮಾಜ ಕಟ್ಟಿದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ರೀಲುಗಳು ಡಬ್ಬಗಳಲ್ಲಿ ಆ ಊರಿಗೆ ಬಂದವು. ಆ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರಿಗೂ ಹೆಗ್ಗೋಡೆಂದರೆ ಅಕ್ಕರೆ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’, ಕುರೊಸಾವಾನ ‘ರಾಶೊಮಾನ್’ ನೋಡಿದರು. ಇದು ಹಳ್ಳಿಯವರಿಗೆ ತಿಳಿಯುವ ಸಿನಿಮಾ ಅಲ್ಲ ಎಂದು ಪೇಟೆಯ ಪಂಡಿತರು ಅಂದುಕೊಂಡಿದ್ದಿರಬಹುದು. ಸುಬ್ಬಣ್ಣ ಹಾಗೆ ಅಂದುಕೊಳ್ಳಲಿಲ್ಲ. ಜನರ ಮುಂದೆ ಸುಮ್ಮನೆ ಸುರಿಯಲೂ ಇಲ್ಲ; ಕನ್ನಡದಲ್ಲಿ ಬರೆದು, ಶಿಬಿರ ನಡೆಸಿ, ಕೂತು ಮಾತಾಡಿದರು. ನಾಯರ್ ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರ 2012ರಲ್ಲಿ ಬಂದಾಗ, ಹೆಗ್ಗೋಡಿನ ಹಿರಿಯರು ತಾವು ಎಂದೋ ನೋಡಿದ ಆ ಚಿತ್ರಗಳನ್ನು ನೆನೆಯುವುದು ಅದರಲ್ಲಿತ್ತು. ನೆಂಟರ ಮನೆಯ ಸಂಗತಿ ಹೇಳುವ ಹಾಗೆ ಹೇಳುತ್ತಿದ್ದರು. ಈಗ ಜಗತ್ತಿನ ಅಷ್ಟೂ ಸಿನಿಮಾ ಅಂಗೈಯಲ್ಲಿದೆ. ಊಟದ ಹೊತ್ತಿಗೆ ಟೀವಿ ಮುಂದೆ ಕೂತ ನಾವು ಏನು ನೋಡುವುದೆಂದು ಹುಡುಕುವುದರಲ್ಲೇ ತಟ್ಟೆ ಖಾಲಿ ಮಾಡಿ ಏಳುತ್ತೇವೆ.

ಚಿತ್ರಕಲೆಯ ವಿಷಯದಲ್ಲಿ ನನಗೆ ದಕ್ಕಿದ್ದು ಡ್ರಾಯಿಂಗ್ ಮಾಸ್ತರರೊಬ್ಬರ ಒಂದೇ ಮಾತು. ಬೆಂಗಳೂರಿಗೆ ಹೊರಟಿದ್ದೇನೆ ಅಂದಾಗ, ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗು, ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನಷ್ಟೇ ನೋಡು, ಬೇರೇನೂ ನೋಡದೆ ಹೊರಗೆ ಬಾ ಅಂದಿದ್ದರು. ಹಾಗೇ ಮಾಡಿದೆ. ಆ ಮಂಜು, ಆ ಗುಡ್ಡದ ನೀಲಿ ಇನ್ನೂ ಕಣ್ಣಲ್ಲಿದೆ. ಇಡೀ ಗ್ಯಾಲರಿ ಸುತ್ತಿದ್ದರೆ ಉಳಿಯುತ್ತಿತ್ತೋ ಇಲ್ಲವೋ.

ಆ್ಯಪುಗಳನ್ನು ಬೈಯುವುದು ಸುಲಭ, ಅನ್ಯಾಯವೂ ಹೌದು. ಮನ್ಸೂರರ ಧ್ವನಿಮುದ್ರಣಗಳು ಇವತ್ತು ನನಗೆ ಸಿಗುವಷ್ಟು ಕಾಕಾನಿಗೂ ಸಿಗುತ್ತಿರಲಿಲ್ಲ. ಒಂದು ರಾಗಕ್ಕಾಗಿ ಪುಣೆಯಿಂದ ಯಾರೋ ಬರುವುದನ್ನು ಕಾಯುವ ಕಾಲ ಅದು. ಆದರೆ ಯಂತ್ರ ಸಲಹೆ ಕೊಡುವ ಬಗೆಯೇ ಬೇರೆ. ನೀವು ಕೇಳಿದ್ದನ್ನೇ ಕೇಳಿದ ಸಾವಿರಾರು ಮಂದಿ ಮತ್ತೇನು ಕೇಳಿದರು ಎಂದು ನೋಡುತ್ತದೆ, ಅದನ್ನು ಮುಂದಿಡುತ್ತದೆ. ನೀವು ಇಲ್ಲಿಯವರೆಗೆ ಏನಾಗಿದ್ದೀರಿ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಮುಂದೆ ಏನಾದೀರಿ ಎಂದು ಊಹಿಸಿ, ಅಲ್ಲಿಯವರೆಗೆ ಕಾದು ಕೂರುವುದು ಅದರ ಕೆಲಸವಲ್ಲ. ‘ಈಗ ಬ್ಯಾಡ’ ಅನ್ನಲು ಅದಕ್ಕೆ ಬಾರದು; ಅಂದರೆ ಅದರ ಧಣಿಗೆ ನಷ್ಟ. ತಪ್ಪು ಸಲಹೆ ಕೊಟ್ಟರೆ ಅದಕ್ಕೆ ಮುಖಭಂಗವೂ ಇಲ್ಲ. ಕಾಕಾನಿಗೆ ಇತ್ತು. ತಾವು ಕೊಟ್ಟದ್ದು ಹುಡುಗನಿಗೆ ಹಿಡಿಸಲಿಲ್ಲವೆಂದರೆ ಅವರ ಮುಖ ಸಣ್ಣಗಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ಸದ್ದಿಲ್ಲದ ಜಾಗಗಳ ಪಾಡು. ಹಾಡನ್ನು ಲಕ್ಷ ಜನಕ್ಕೆ ಹೇಳಿದರೂ ಅದಕ್ಕೇನೂ ಆಗುವುದಿಲ್ಲ. ಏಕಾಂತದ ತಾಣ ಹಾಗಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುವವರೆಗೆ ಮಾತ್ರ ಅಲ್ಲಿ ಏಕಾಂತ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ ಚಿತ್ರಗಳನ್ನು ನೀವೂ ನೋಡಿರಬಹುದು. ಜಾತ್ರೆಯೇ ಅದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ತಡೆಯಬೇಕಾಯಿತು. ಮೊದಲು ಅಂಥ ಜಾಗದ ಗುಟ್ಟನ್ನು ಹೇಳುವ ಮುಂಚೆ ಹೇಳುವವರು ಎದುರಿಗಿನವನನ್ನು ಅಳೆಯುತ್ತಿದ್ದರು. ಇವನು ಅಲ್ಲಿ ಹೋಗಿ ಕೂಗುತ್ತಾನೋ, ಕೂರುತ್ತಾನೋ?

ನನಗೂ ಒಂದು ಜಾಗ ಇದೆ. ಯಾರಾದರೂ ಕೇಳಲಿ ಎಂದು ಕಾಯುತ್ತೇನೆ, ಕೇಳುವವರೇ ಕಡಿಮೆ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು; ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹಂಪಿಗೆ ಓಡುವ ಬಸ್ಸುಗಳು ಈ ಕಡೆ ತಿರುಗುವುದು ಅಪರೂಪ. ತಿರುಗಣಿಯಲ್ಲಿ ಕಡೆದ ಕಂಬಗಳು ಇನ್ನೂ ಮಿನುಗುತ್ತವೆ, ಪಕ್ಕದಲ್ಲಿ ಪುಷ್ಕರಣಿ ಇದೆ, ಮಧ್ಯಾಹ್ನದ ಬಿಸಿಲಿನಲ್ಲೂ ಮಂಟಪದ ನೆಲ ತಣ್ಣಗೆ.

ಮೊನ್ನೆ ತಂಗಿಯ ಮಗಳು ಹುಬ್ಬಳ್ಳಿಯಿಂದ ಫೋನು ಮಾಡಿ, ರವಿವಾರ ಎಲ್ಲಿಗಾದರೂ ಹೋಗಬೇಕು ಮಾಮಾ, ಗದ್ದಲ ಇರಬಾರದು ಅಂದಳು. ಎಷ್ಟೋ ದಿನದ ಮೇಲೆ ಒಬ್ಬರು ಕೇಳಿದ್ದರು. ಹುರುಪಿನಿಂದ ಎಲ್ಲ ಹೇಳಿದೆ: ಹೊತ್ತಿಗೆ ಮುಂಚೆ ಬಿಡು, ಕುಕನೂರಿನ ನವಲಿಂಗ ಗುಡಿ ಮೊದಲು ನೋಡು, ಬುತ್ತಿ ಕಟ್ಟಿಕೊಂಡು ಹೋಗು, ಯೂಟ್ಯೂಬಿನಲ್ಲಿ ಮೊದಲೇ ನೋಡಿ ಕೆಡಿಸಿಕೊಳ್ಳಬೇಡ, ಮಂಟಪದಲ್ಲಿ ಅರ್ಧ ತಾಸಾದರೂ ಸುಮ್ಮನೆ ಕೂತು ಬಾ.

ಆ ಕಡೆಯಿಂದ ಟಕಟಕ ಒತ್ತುವ ಸದ್ದು. “ಮಾಮಾ, ಅದಕ್ಕ ಎಷ್ಟು ಸ್ಟಾರ್ ಅದಾವ?”

“ಸ್ಟಾರ್ ಎಷ್ಟೋ ಗೊತ್ತಿಲ್ಲವಾ” ಅಂದೆ, “ಕಂಬಂತೂ ಭಾಳ ಅದಾವ.”