ಗೇಟಿನೊಳಗ ಹೋದವ ಯಾರ ಆಳು?

ನಮ್ಮ ಕಡೆ ಬೀಗತನದ ಮಾತು ಶುರುವಾದರೆ ಮೊದಲು ಕೇಳೋದು, "ಹುಡುಗ ಏನ್ ಮಾಡ್ತಾನ್ರಿ?" ಅಂತ. "ಕಂಪನ್ಯಾಗ ಹಾನ್ರಿ" ಅಂದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ: "ಪರ್ಮನೆಂಟೋ, ಕಾಂಟ್ರಾಕ್ಟೋ?" ಇದಕ್ಕೆ ಸಿಗುವ ಉತ್ತರದ ಮೇಲೆ ಚಹಾದ ಜೊತೆ ಸುಸಲಾ ಬರುತ್ತದೋ, ಬರೇ ಚಹಾ ಬರುತ್ತದೋ ಗೊತ್ತಾಗುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ 'ಕಂಪನಿ' ಅಂದರೆ ಸಿಮೆಂಟ್ ಕಾರ್ಖಾನೆ. ಕಾಗಿಣಾ ದಂಡೆಯ ನೆಲದ ಕೆಳಗೆ ಸುಣ್ಣದ ಕಲ್ಲು ಇದೆ, ಅದಕ್ಕೇ ಚಿಮಣಿಗಳು ಬಂದವು. ಸೇಡಂನಲ್ಲಿ ವಾಸವದತ್ತ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ರಾಜಶ್ರೀ, ಕೋಡ್ಲಾದಲ್ಲಿ ಶ್ರೀ ಸಿಮೆಂಟ್, ವಾಡಿಯಲ್ಲಿ ಎಸಿಸಿ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್. ಚಿಂಚೋಳಿ ತಾಲ್ಲೂಕಿನಲ್ಲೂ ಇವೆ. ಪತ್ರಿಕೋದ್ಯಮ ಓದಿ ಮತ್ತೆ ಊರಿನ ಸುದ್ದಿ ಬರೆಯುತ್ತಿರುವ ನಮ್ಮಲ್ಲಿ ಹೆಚ್ಚಿನವರ ಮನೆಯಿಂದ ಒಬ್ಬರಾದರೂ ಇಂಥ ಗೇಟಿನೊಳಗೆ ಹೋಗಿ ಬರುತ್ತಾರೆ. ಒಬ್ಬರ ಅಪ್ಪ ಪ್ಯಾಕಿಂಗ್‌ನಲ್ಲಿ, ಒಬ್ಬರ ಅಣ್ಣ ಗಣಿಯ ಡಂಪರ್ ಮೇಲೆ, ಒಬ್ಬರ ಚಿಗವ್ವ ಕಾಲೊನಿಯ ಕಸ ಗುಡಿಸುವ ಕೆಲಸದಲ್ಲಿ. ಇವರೆಲ್ಲ ಗುತ್ತೇದಾರನ ಹೆಸರಿನಲ್ಲಿ ಒಳಗೆ ಹೋಗುವವರು.

ಇದು ನಮ್ಮ ಜಿಲ್ಲೆಯದಷ್ಟೇ ಕಥೆಯಲ್ಲ. ದೇಶದ ಕಾರ್ಖಾನೆಗಳ ಸರ್ಕಾರಿ ಸಮೀಕ್ಷೆ ನೋಡಿದರೆ, 2000ದ ಹೊತ್ತಿಗೆ ನೂರು ಕಾರ್ಮಿಕರಲ್ಲಿ ಸುಮಾರು 20 ಮಂದಿ ಗುತ್ತಿಗೆಯವರಿದ್ದರು. 2022-23ರ ಹೊತ್ತಿಗೆ ಅದು 40 ದಾಟಿದೆ.

ಗುತ್ತಿಗೆ ಅಂದ ಕೂಡಲೇ ತಪ್ಪು ಅಂತ ನಾವು ಹೇಳುವುದಿಲ್ಲ. ಸಿಮೆಂಟ್ ಕುಲುಮೆ, ಅಂದರೆ ಕಿಲ್ನ್, ಒಳಗೆ ಸುಮಾರು 1450 ಡಿಗ್ರಿ ಕಾಯುತ್ತದೆ. ಒಳಗಿನ ಇಟ್ಟಿಗೆ ಸವೆದಾಗ ಅದನ್ನು ನಿಲ್ಲಿಸಿ, ಆರಿಸಿ, ಹೊಸ ಇಟ್ಟಿಗೆ ಕಟ್ಟಬೇಕು. ಆ ಶಟ್‌ಡೌನ್‌ನ ಕೆಲವು ದಿನಗಳಿಗೆ ನೂರಾರು ಜನ ಬೇಕು, ಆಮೇಲೆ ಬೇಡ. ಅಂಥ ಕೆಲಸಕ್ಕೆ ವರ್ಷವಿಡೀ ಆಳು ಇಡು ಅಂತ ಯಾರೂ ಕೇಳುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ದಿನಾ ಮೂರು ಪಾಳಿ ನಡೆಯುವ ಪ್ಯಾಕಿಂಗ್, ಚೀಲ ಹೇರುವುದು, ಬೆಲ್ಟಿನ ಕೆಳಗೆ ಬಿದ್ದ ಪುಡಿ ಬಳಿಯುವುದು, ಕಲ್ಲಿದ್ದಲಿನ ಅಂಗಳ, ಇವು ಕಂಪನಿ ಇರುವವರೆಗೂ ಇರುವ ಕೆಲಸಗಳು. ಇವನ್ನು ಹತ್ತು, ಹದಿನೈದು ವರ್ಷ ಮಾಡಿದವನೂ 'ತಾತ್ಕಾಲಿಕ' ಹೇಗಾಗುತ್ತಾನೆ?

ನಮ್ಮಲ್ಲೊಬ್ಬರ ಅಪ್ಪನ ಲೆಕ್ಕ ಹೇಳುತ್ತೇವೆ. ಕಂಪನಿಯ ಹೆಸರು ಬೇಡ. ಅವರು 2008ರಲ್ಲಿ ಪ್ಯಾಕಿಂಗ್‌ಗೆ ಸೇರಿದರು, 2022ರಲ್ಲಿ ಸೊಂಟ ಸೋತು ಬಿಟ್ಟರು. ಅದೇ ಯಂತ್ರ, ಅದೇ 50 ಕಿಲೋ ಚೀಲ. ಈ ನಡುವೆ ಗುತ್ತೇದಾರರು ಮಾತ್ರ ಐದು ಮಂದಿ ಬದಲಾದರು. ಹೊಸಬ ಬಂದಾಗಲೆಲ್ಲ ಹಳೇ ಪಾಸ್ ಕಸಿದುಕೊಂಡು ಹೊಸ ಪಾಸ್ ಕೊಡುತ್ತಿದ್ದರು, ಹೊಸ ಪಿಎಫ್ ಖಾತೆ ತೆಗೆಯುತ್ತಿದ್ದರು. "ಸಹಿ ಮಾಡಪ್ಪ" ಅಂದಲ್ಲಿ ಅಪ್ಪ ಸಹಿ ಮಾಡುತ್ತಿದ್ದರು. ಕೆಲಸ ಬಿಟ್ಟ ಮೇಲೆ ಪಿಂಚಣಿ ಕೇಳಲು ಹೋದಾಗ, "ಹತ್ತು ವರ್ಷದ ಸೇವೆ ತೋರಿಸಿರಿ" ಅಂದರು. ಹದಿನಾಲ್ಕು ವರ್ಷ ದುಡಿದವರ ಕಾಗದದಲ್ಲಿ ಒಂದೊಂದು ಕಡೆ ಎರಡು, ಮೂರು ವರ್ಷ ಚದುರಿ ಬಿದ್ದಿತ್ತು. ಎರಡು ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವೇ ಇರಲಿಲ್ಲ. ಒಂದರಲ್ಲಿ ತಂದೆಯ ಹೆಸರು ಬೇರೆ.

ಮಗಳು ಎಂಟು ತಿಂಗಳು ಓಡಾಡಿದಳು. ಕೊನೆಗೆ ಹನ್ನೊಂದು ವರ್ಷ ಒಂದಾಯಿತು, ಸಣ್ಣ ಪಿಂಚಣಿ ಶುರುವಾಯಿತು. ಉಳಿದ ಮೂರು ವರ್ಷದ ಹಣವನ್ನು ಆಗಿನ ಗುತ್ತೇದಾರ ಪಗಾರದಲ್ಲಿ ಹಿಡಿದಿದ್ದ, ಕಟ್ಟಿರಲಿಲ್ಲ. "ಆ ಮೂರು ವರ್ಷ ನಾ ಎಲ್ಲಿ ಇದ್ದೆ ಹಂಗಾರ?" ಅಂತ ಅಪ್ಪ ಕೇಳಿದರು. ಅವರ ಪಗಾರದ ಚೀಟಿಗಳು ಇದ್ದಿದ್ದರೆ ಹಣ ಕೇಳಬಹುದಿತ್ತು. ಚೀಟಿ ಅಂತ ಯಾರೂ ಕೊಟ್ಟೇ ಇರಲಿಲ್ಲ.

ಈಗ ಇದಕ್ಕೊಂದು ಹೋಲಿಕೆ ನೋಡಿ. 2022ರಲ್ಲಿ ಎಸಿಸಿ ಅದಾನಿ ಗುಂಪಿನ ಕೈಗೆ ಹೋಯಿತು. 2025ರಲ್ಲಿ ವಾಸವದತ್ತ ಅಲ್ಟ್ರಾಟೆಕ್‌ಗೆ, ಓರಿಯಂಟ್ ಅಂಬುಜಾಗೆ ಸೇರಿದವು. ಇಷ್ಟು ದೊಡ್ಡ ವ್ಯವಹಾರವಾದರೂ ಖಾಯಂ ನೌಕರನ ಸೇವೆ ಹೊಸ ಮಾಲೀಕನ ಕೆಳಗೆ ಮುಂದುವರಿಯಬೇಕು, ಇಲ್ಲವಾದರೆ ಅವನಿಗೆ ಪರಿಹಾರ ಸಿಗಬೇಕು ಅಂತ ಕಾನೂನೇ ಹೇಳುತ್ತದೆ. ಕಾರ್ಖಾನೆಗೆ ಕಾರ್ಖಾನೆಯೇ ಮಾರಾಟವಾದರೂ ಅವನ ವರ್ಷಗಳಿಗೆ ಲೆಕ್ಕ ಇರುತ್ತದೆ. ಅದೇ ಗೇಟಿನಲ್ಲಿ ಒಬ್ಬ ಗುತ್ತೇದಾರ ಹೋಗಿ ಇನ್ನೊಬ್ಬ ಬಂದರೆ, ಗುತ್ತಿಗೆಯವನ ವರ್ಷಗಳು ಮತ್ತೆ ಒಂದರಿಂದ ಎಣಿಕೆ. ಗ್ರಾಚ್ಯುಟಿ ಸಿಗಲು ಐದು ವರ್ಷ ಬೇಕೆಂಬುದು ಬಹುಕಾಲದ ನಿಯಮ. ಮೂರು ವರ್ಷಕ್ಕೊಮ್ಮೆ ಟೆಂಡರ್ ಆಗುವ ಕಡೆ ಆ ಐದು ವರ್ಷ ಯಾವಾಗ ತುಂಬಬೇಕು?

ಗುತ್ತೇದಾರರೆಲ್ಲ ಕಳ್ಳರು ಅನ್ನುವ ಮಾತನ್ನೂ ನಾವು ಒಪ್ಪುವುದಿಲ್ಲ. ಲೆಕ್ಕವನ್ನು ಟೆಂಡರಿನಿಂದಲೇ ನೋಡಬೇಕು. ಒಂದು ದಿನದ ಕನಿಷ್ಠ ಕೂಲಿ 500 ರೂಪಾಯಿ ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಮಾತ್ರ. ಅದರ ಮೇಲೆ ಮಾಲೀಕನ ಪಾಲಿನ ಪಿಎಫ್, ವಿಮೆ, ಆಡಳಿತ ವೆಚ್ಚ ಸೇರಿ ಶೇ. 13, ಅಂದರೆ 65 ರೂಪಾಯಿ. ಇಎಸ್‌ಐ ಶೇ. 3.25, ಸುಮಾರು 16. ಕನಿಷ್ಠ ಬೋನಸ್ ಶೇ. 8.33, ಸುಮಾರು 42. ಇಪ್ಪತ್ತು ದಿನಕ್ಕೊಂದು ಸಂಬಳ ಸಹಿತ ರಜೆ, 25. ಒಟ್ಟು 648 ರೂಪಾಯಿ. ಬೂಟು, ಹೆಲ್ಮೆಟ್, ಮೇಸ್ತ್ರಿ ಪಗಾರ, ಗುತ್ತೇದಾರನ ಲಾಭ ಇನ್ನೂ ಸೇರಿಲ್ಲ. ಈಗ ಒಬ್ಬ ಆಳಿಗೆ 600ರಂತೆ ಟೆಂಡರ್ ಹಾಕಿ ಗೆದ್ದರೆ, ಕೊರತೆಯ ದುಡ್ಡು ಎಲ್ಲಿಂದ ಬರಬೇಕು? ಹಾಜರಿಯಿಂದ, ಓಟಿಯಿಂದ, ಪಿಎಫ್‌ನಿಂದ, ಬೂಟಿನಿಂದ ಬರುತ್ತದೆ. ಕಡಿಮೆ ದರವನ್ನು ಒಪ್ಪಿ ಸಹಿ ಹಾಕಿದ ಮೇಜಿಗೆ ಈ ಲೆಕ್ಕ ಗೊತ್ತಿರುತ್ತದೆ. ದೊಡ್ಡ ಕಂಪನಿಗಳಲ್ಲಿ ಖಾಯಂ ನೌಕರನ ಫೈಲು ಸಿಬ್ಬಂದಿ ವಿಭಾಗದಲ್ಲಿರುತ್ತದೆ. ಗುತ್ತಿಗೆಯವನ ದರ ಬಹಳ ಕಡೆ ನಟ್ಟು, ಬೋಲ್ಟು, ಗ್ರೀಸ್ ಕೊಳ್ಳುವ ವಿಭಾಗದಲ್ಲಿ ತೀರ್ಮಾನವಾಗುತ್ತದೆ.

ನಮ್ಮ ಊರುಗಳಲ್ಲಿ ತೊಗರಿ ರಾಶಿ ಹೊತ್ತಿಗೆ ಹೊಲದವರು ಮುಕಾದಮನ ಮೂಲಕ ಕೂಲಿಯವರನ್ನು ಕರೆಸುವುದುಂಟು. ಕೂಲಿ ಮುಕಾದಮನ ಕೈಯಲ್ಲಿ ಹೋಗುತ್ತದೆ. ಆದರೆ ಹೊಲದಲ್ಲಿ ಒಬ್ಬ ಹೆಣ್ಮಗಳಿಗೆ ಹಾವು ಕಚ್ಚಿದರೆ, "ಆಕಿ ಮುಕಾದಮನ ಆಳು, ನನಗೇನು" ಅಂತ ಹೊಲದವರು ಬದುವಿನ ಮೇಲೆ ಕೂತಿರುವುದಿಲ್ಲ. ಕೂತರೆ ಊರು ಸುಮ್ಮನಿರುವುದಿಲ್ಲ. ಹೊಲ ಯಾರದೋ ಹೊಣೆ ಅವರದು.

ಕಾನೂನೂ ಇದನ್ನೇ ಹೇಳುತ್ತ ಬಂದಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ, ಗುತ್ತೇದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ, ಅಂದರೆ ಕಂಪನಿ, ಕೊಟ್ಟು ಆಮೇಲೆ ಗುತ್ತೇದಾರನಿಂದ ವಸೂಲಿ ಮಾಡಿಕೊಳ್ಳಬೇಕು ಎಂದಿತ್ತು. ಕುಡಿಯುವ ನೀರು, ಶೌಚಾಲಯ, ವಿಶ್ರಾಂತಿ ಕೋಣೆ ಗುತ್ತೇದಾರ ಮಾಡದಿದ್ದರೆ ಕಂಪನಿ ಮಾಡಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಕೂಲಿಯ ಈ ಹೊಣೆ ಉಳಿದಿದೆ. ನೀರು, ನೆರಳಿನಂಥ ಸೌಕರ್ಯದ ಹೊಣೆ ಈಗ ನೇರವಾಗಿ ಕಂಪನಿಯದೇ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಕೇಳಿದರೆ ಗುತ್ತೇದಾರ ಅನುಭವ ಪತ್ರವನ್ನೂ ಕೊಡಬೇಕು. ಒಂದು ಹಿನ್ನಡೆಯೂ ಇದೆ: ಗುತ್ತಿಗೆ ನಿಯಮಗಳು ಮೊದಲು 20 ಆಳಿದ್ದರೆ ಅನ್ವಯಿಸುತ್ತಿದ್ದವು, ಈಗ 50 ಇರಬೇಕು.

ಹಳೆಯ ಕಾಲದ ಮಾತೂ ಇಲ್ಲಿ ನೆನಪಿಸಬೇಕು. ನಿಜಾಮರ ಕಾಲದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಸೇರಿತು. ವಾಡಿಯ ಕಾರ್ಖಾನೆ ಶುರುವಾದದ್ದು 1968ರಲ್ಲಿ. 1950ರ ದಶಕದ ಕೊನೆಗೆ ಸರ್ಕಾರ ನೇಮಿಸಿದ್ದ ಸಿಮೆಂಟ್ ವೇತನ ಮಂಡಳಿ, ಹೇರುವ ಇಳಿಸುವ ಕೆಲಸ ಬಿಟ್ಟರೆ ಈ ಉದ್ಯಮದಲ್ಲಿ ಗುತ್ತಿಗೆ ಪದ್ಧತಿ ಇರಬಾರದು ಎಂದಿತ್ತು. ಶಹಾಬಾದಿನ ಸಿಮೆಂಟ್ ಕಾರ್ಖಾನೆ ಮುಂದೆ ಮುಚ್ಚಿತು. ಆದರೆ ಅಲ್ಲಿ ಖಾಯಂ ಕೆಲಸ ಮಾಡಿದವರ ಮನೆಗಳಲ್ಲಿ ಮಕ್ಕಳು ಓದಿ ಮಾಸ್ತರರು, ನರ್ಸುಗಳು ಆದದ್ದನ್ನು ನಾವು ನೋಡಿದ್ದೇವೆ. ಮುಂದಿನ ತಿಂಗಳೂ ಪಗಾರ ಬರುತ್ತದೆ ಅನ್ನುವ ನಂಬಿಕೆ ಇದ್ದವರು ಮಕ್ಕಳ ಫೀಸು ಕಟ್ಟಲು ಹೆದರಲಿಲ್ಲ.

ಹಾಗಾದರೆ ಅಧಿಕಾರಿಗಳು ಗುತ್ತಿಗೆಯವರಿಂದ ದೂರ ಯಾಕೆ ನಿಲ್ಲುತ್ತಾರೆ? ಇದಕ್ಕೆ ಒಂದು ಕಾರಣ ಕೋರ್ಟಿನ ಭಯ. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ನಿಷೇಧವಾದರೂ ಕಾರ್ಮಿಕ ತಾನಾಗಿಯೇ ಖಾಯಂ ಆಗುವುದಿಲ್ಲ ಎಂದಿತು. ಆದರೆ ಗುತ್ತಿಗೆ ಬರೀ ನೆಪ ಅಂತ ಸಾಬೀತಾದರೆ ಅವನು ಕಂಪನಿಯ ನೌಕರನೇ ಆಗುತ್ತಾನೆ ಎಂದೂ ಹೇಳಿತು. ನೆಪವೋ ಅಲ್ಲವೋ ಎಂದು ನೋಡುವಾಗ, ಅವನಿಗೆ ನೇರವಾಗಿ ಕೆಲಸ ಹೇಳುವವರು ಯಾರು ಎಂಬುದನ್ನೂ ಕೇಳುತ್ತಾರೆ. ಅದಕ್ಕೇ ಬಹಳ ಕಡೆ ಎಂಜಿನಿಯರ್ ಗುತ್ತಿಗೆಯವನ ಜೊತೆ ನೇರ ಮಾತಾಡುವುದಿಲ್ಲ, ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ಇವನಿಗೆ ಹೇಳುತ್ತಾನೆ.

ಬೇರೆ ಕೆಲಸದಲ್ಲಿ ಇದು ನಡೆಯಬಹುದು. ಓಡುವ ಬೆಲ್ಟಿನ ಹತ್ತಿರ, ಬಿಸಿ ಪುಡಿ ಕಟ್ಟಿಕೊಂಡ ಸೈಕ್ಲೋನಿನ ಹತ್ತಿರ ಒಂದು ಮಾತು ಇಬ್ಬರ ಬಾಯಿ ದಾಟಿ ಬರುವಷ್ಟು ಸಮಯ ಇರುವುದಿಲ್ಲ. ಕೆಲಸ ತಿಳಿದ ಹಳೆಯ ಆಳನ್ನು ಗುತ್ತೇದಾರ ಬದಲಾದಾಗ ಕೈಬಿಟ್ಟರೆ, ಎಲ್ಲಿ ಕಾಲಿಡಬಾರದು ಎಂಬ ಅವನ ತಿಳಿವಳಿಕೆಯೂ ಅವನ ಜೊತೆ ಗೇಟು ದಾಟುತ್ತದೆ. ಕಾರ್ಖಾನೆ ಕಾಯ್ದೆಯಲ್ಲಿ ಗುತ್ತೇದಾರನ ಮೂಲಕ ಬಂದವನೂ 'ಕಾರ್ಮಿಕ'ನೇ ಆಗಿದ್ದ. ಜೀವ ಉಳಿಸಲು ಒಂದು ಮಾತು ಹೇಳಿದರೆ ಯಾವ ಕೋರ್ಟೂ ತಪ್ಪು ಹಿಡಿಯುವುದಿಲ್ಲ. ನಮ್ಮ ಅಣ್ಣ, ತಮ್ಮಂದಿರನ್ನು ಎಂಜಿನಿಯರ್ ಸಾಹೇಬರು ಹೆಸರು ಹಿಡಿದು ಕೂಗಲಿ, ಗದರಲಿ. ಅದು ಬೇಕು.

ನಿಮ್ಮ ಮನೆಯಲ್ಲಿ ಗುತ್ತಿಗೆಯವರಿದ್ದರೆ ಈ ಕೆಲಸ ಇವತ್ತೇ ಮಾಡಿ. ಯುಎಎನ್ ನಂಬರ್ ಒಂದೇ ಇರಲಿ. ಗುತ್ತೇದಾರ ಬದಲಾದಾಗ ಹಳೇ ನಂಬರನ್ನೇ ಬರೆಸಿ, ಹೊಸದು ತೆಗೆಯಲು ಬಿಡಬೇಡಿ. ಪಿಎಫ್ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಿ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ, ಕೆಲಸ ಬಿಟ್ಟ ದಿನಾಂಕವನ್ನು ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು. ಗೇಟ್ ಪಾಸಿನ ಎರಡೂ ಬದಿಯ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಪಗಾರದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಕಾರ್ಡಿನಲ್ಲಿ ಹೆಂಡತಿ, ಮಕ್ಕಳ ಹೆಸರು ಇದೆಯಾ ನೋಡಿ. ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಅವರಿಗೂ ಸಂಬಂಧಿಸಿದ್ದು. ಗಣಿಯೊಳಗೆ ಕೆಲಸ ಮಾಡುವವರ ಲೆಕ್ಕ ಬೇರೆ ಇತ್ತು: ಹಳೆಯ ಕಾಯ್ದೆಯಲ್ಲಿ ಇಎಸ್‌ಐ ಕಾರ್ಖಾನೆಗೆ ಬಂದದ್ದೇ ಹೊರತು ಗಣಿಗಲ್ಲ. ಇಎಸ್‌ಐ ಇಲ್ಲದ ಕಡೆ ಗಾಯವಾದರೆ ಪರಿಹಾರವನ್ನು ಬೇರೆ ದಾರಿಯಲ್ಲಿ ಕೇಳಬೇಕು. ಅದಕ್ಕೆ ಆ ದಿನದ ಹಾಜರಿಯ ದಾಖಲೆ, ಆಸ್ಪತ್ರೆಯ ಮೊದಲ ಚೀಟಿ ಬಹಳ ಮುಖ್ಯ. ಚೀಟಿಯಲ್ಲಿ 'ಕೆಲಸದ ಜಾಗದಲ್ಲಿ ಗಾಯ' ಎಂದು ಬರೆಸಿ.

ಕಂಪನಿಗಳಿಗೆ ನಮ್ಮದೊಂದೇ ಬೇಡಿಕೆ. ಅದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಖರ್ಚೂ ಇಲ್ಲ. ಈಗ ಎಷ್ಟೋ ಗೇಟಿನಲ್ಲಿ ಬೆರಳು ಒತ್ತುವ ಯಂತ್ರ ಇದೆ. ಯಾವ ಗುತ್ತೇದಾರನ ಪಾಸ್ ಇದ್ದರೂ ಒತ್ತುವ ಬೆರಳು ಒಂದೇ. ಯಾವ ಮನುಷ್ಯ ಯಾವ ದಿನ ಎಷ್ಟು ಗಂಟೆಗೆ ಒಳಗೆ ಬಂದ, ಎಷ್ಟಕ್ಕೆ ಹೊರಗೆ ಹೋದ ಎಂಬುದೆಲ್ಲ ಅದರಲ್ಲಿರುತ್ತದೆ. ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ, ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಮುದ್ರಿಸಿ, ಕಂಪನಿಯ ಸೀಲು ಹಾಕಿ ಅವನ ಕೈಗೆ ಕೊಡಲಿ. ಆ ಹಾಳೆ ಕೈಯಲ್ಲಿದ್ದರೆ, ಆ ಮೂರು ವರ್ಷ ನಾ ಎಲ್ಲಿದ್ದೆ ಅಂತ ಯಾರ ಅಪ್ಪನೂ ಕೇಳಬೇಕಾಗಿಲ್ಲ.