ನಾಪಾದಲ್ಲಿ ದಿನಕ್ಕೆ ಎರಡೇ ಸಾಕು

ಸ್ಯಾನ್ ಫ್ರಾನ್ಸಿಸ್ಕೋ ಕಡೆ ಕೆಲಸಕ್ಕೆ ಹೋದವರಿಗೆಲ್ಲ ಒಂದು ವೀಕೆಂಡ್ ನಾಪಾ ವ್ಯಾಲಿಗೆ ಮೀಸಲು. ಒಂದೇ ದಿನದಲ್ಲಿ ಐದು ವೈನರಿ ಮುಗಿಸ್ಬೇಕು ಅನ್ನೋ ಹಠ ಬೇರೆ. ಬೇಡ ಮಾರಾಯ್ರೆ, ಎರಡು ಸಾಕು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ನಾಲಿಗೆಗೆ ಎಲ್ಲ ವೈನೂ ಒಂದೇ.

ಯಾವ ಎರಡು? ನನ್ನ ಆಯ್ಕೆ 1976ರ ಜೋಡಿ. ಆ ವರ್ಷ ಪ್ಯಾರಿಸ್‌ನಲ್ಲಿ ಲೇಬಲ್ ಮುಚ್ಚಿಟ್ಟು ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ತಮ್ಮ ದೇಶದ ಘಟಾನುಘಟಿಗಳನ್ನು ಬಿಟ್ಟು ನಾಪಾದ ಬಾಟಲಿಗಳಿಗೇ ಮೊದಲ ಸ್ಥಾನ ಕೊಟ್ಟುಬಿಟ್ಟರು. ಬಿಳಿಯಲ್ಲಿ ಶಾಟೋ ಮಾಂಟೆಲೀನಾದ ಶಾರ್ಡನೆ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ ಕ್ಯಾಬರ್ನೆ. ಎರಡೂ 1973ರ ಫಸಲು. ಸ್ಟ್ಯಾಗ್ಸ್ ಲೀಪ್‌ನ ಬಳ್ಳಿಗಳಿಗೆ ಆಗಿನ್ನೂ ಮೂರು ವರ್ಷ!

ಕಲ್ಲುಕೋಟೆಯಂಥ ಮಾಂಟೆಲೀನಾ ಉತ್ತರದ ಕ್ಯಾಲಿಸ್ಟೋಗಾದಲ್ಲಿದೆ, ಸ್ಟ್ಯಾಗ್ಸ್ ಲೀಪ್ ದಕ್ಷಿಣಕ್ಕೆ, ಸಿಲ್ವರಾಡೋ ಟ್ರೇಲ್ ರಸ್ತೆಯಲ್ಲಿ. ಹೈವೇ 29ರ ಟ್ರಾಫಿಕ್ ಬಿಟ್ಟು ಇದೇ ರಸ್ತೆ ಹಿಡಿಯಿರಿ. ಮೊದಲೇ ಬುಕ್ ಮಾಡಿ, ಟೇಸ್ಟಿಂಗ್ ಫೀ ಅಗ್ಗವಲ್ಲ.

ಇನ್ನು ಡ್ರೈವ್ ಮಾಡೋರು? ಕೌಂಟರ್ ಮೇಲಿನ ಪಾತ್ರೆ ಉಗಿಯೋಕಂತಲೇ ಇಟ್ಟಿರೋದು. ನಮಗೆ ಸಂಕೋಚ, ಅವರಿಗೆ ಮಾಮೂಲು. ಆದ್ರೂ ಉಗಿದರೂ ಸ್ವಲ್ಪ ಒಳಗೆ ಹೋಗೇ ಹೋಗುತ್ತೆ. ಕಾರಿನ ಕೀ ಹಿಡಿದವರು ಮುಟ್ಟದಿರೋದೇ ಸರಿ. ಅವರ ಸಮಾಧಾನಕ್ಕೆ ಕ್ಯಾಲಿಸ್ಟೋಗಾದಲ್ಲಿ ಬಿಸಿನೀರ ಬುಗ್ಗೆಯ ಸ್ನಾನ ಇದೆ. ಖರ್ಚು ಮಾತ್ರ ಕುಡಿದವರದು.