ಕಾವಲೂರಿನ ಕತ್ತಲೆ ಕಲಿಸಿದ ಪಾಠ

ಹೊಸೂರಿನಿಂದ ಕೃಷ್ಣಗಿರಿಯ ಮಾರ್ಗವಾಗಿ ವಾಣಿಯಂಬಾಡಿಯನ್ನು ತಲುಪಿ, ಅಲ್ಲಿ ಹೆದ್ದಾರಿಯನ್ನು ಬಿಟ್ಟು ಆಲಂಗಾಯಂ ಕಡೆಗೆ ತಿರುಗಿದರೆ ಜವಾದಿ ಬೆಟ್ಟಗಳ ಸಾಲು ಎದುರಾಗುತ್ತದೆ. ರಸ್ತೆ ಏರುತ್ತಾ ಹೋದಂತೆ ಊರುಗಳು ವಿರಳವಾಗಿ, ಕಾಡು ದಟ್ಟವಾಗುತ್ತದೆ. ಆ ಕಾಡಿನ ನಡುವೆ, ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದಲ್ಲಿ, ಮರಗಳ ಮೇಲೆ ಬಿಳಿಯ ಗುಮ್ಮಟಗಳು ಕಾಣಿಸುತ್ತವೆ. ಅದೇ ಕಾವಲೂರು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ವೇಣು ಬಪ್ಪು ವೀಕ್ಷಣಾಲಯ.

ಕಳೆದ ಫೆಬ್ರವರಿಯ ಒಂದು ಶನಿವಾರ, ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದದ್ದು ಒಂದು ತಪ್ಪಿನ ಪರಿಹಾರಕ್ಕಾಗಿ. ನಕ್ಷತ್ರಗಳ ಛಾಯಾಚಿತ್ರ ತೆಗೆಯಬೇಕೆಂಬ ಆಸೆ ಅವಳಿಗೆ ಹುಟ್ಟಿದಾಗ ನಾನು ಹಿಂದುಮುಂದು ನೋಡದೆ ಒಂದು ದೂರದರ್ಶಕವನ್ನು ಕೊಂಡುತಂದಿದ್ದೆ. ಪೆಟ್ಟಿಗೆಯ ಮೇಲೆ ‘525 ಪಟ್ಟು ವರ್ಧನೆ’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿತ್ತು. ಓದದೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ ಎಂದು ಕಕ್ಷಿದಾರರಿಗೆ ದಿನವೂ ಹೇಳುವ ವಕೀಲನಾದ ನಾನು ಆ ಒಂದು ಅಂಕಿಯನ್ನು ಸಾಕ್ಷ್ಯವಿಲ್ಲದೆ ನಂಬಿದೆ. ಮನೆಯ ಮಹಡಿಯ ಮೇಲೆ ನಿಲ್ಲಿಸಿದಾಗ ಕಡ್ಡಿಯಂಥ ಅದರ ಕಾಲುಗಳು ಗಾಳಿಗೇ ನಡುಗಿದವು. ಚಂದ್ರ ನೀರಿನಲ್ಲಿ ಅಲುಗುವ ಬಿಂಬದಂತೆ ಕಂಡ. ಮೂರು ರಾತ್ರಿ ಪ್ರಯತ್ನಿಸಿ, ‘ಅಪ್ಪಾ, ನನಗೆ ಬರೋದಿಲ್ಲ ಬಿಡಿ’ ಎಂದು ಅವಳು ಅದನ್ನು ಕಪಾಟಿಗೆ ಸೇರಿಸಿದಳು. ಉಪಕರಣದ ದೋಷವನ್ನು ಮಗು ತನ್ನ ದೋಷವೆಂದು ಭಾವಿಸಿದ್ದು ನನ್ನನ್ನು ನೋಯಿಸಿತು.

ಕಾವಲೂರಿನಲ್ಲಿ 1968ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕೇವಲ 38 ಸೆಂಟಿಮೀಟರ್ ದರ್ಪಣದ, ಸಂಸ್ಥೆಯಲ್ಲೇ ನಿರ್ಮಿಸಿದ ದೂರದರ್ಶಕ. 1972ರಲ್ಲಿ ಒಂದು ಮೀಟರ್ ದೂರದರ್ಶಕ ಬಂದಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವಾಗ, ಆ ಗ್ರಹಕ್ಕೆ ಉಂಗುರಗಳಿವೆ ಎಂಬುದನ್ನು ತೋರಿಸಿಕೊಟ್ಟ ವೀಕ್ಷಣೆಗಳಲ್ಲಿ ಇಲ್ಲಿಯದೂ ಒಂದು. ಈ ಸ್ಥಳವನ್ನು ಕಟ್ಟಿ ಬೆಳೆಸಿದ ವೇಣು ಬಪ್ಪು ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಮಗನ ಆಕಾಶದ ಒಲವು ಅಲ್ಲಿಂದಲೇ ಬಂದದ್ದು. ಅವರು ಕನಸು ಕಂಡ 2.34 ಮೀಟರ್ ದರ್ಪಣದ ದೊಡ್ಡ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು. ಅದನ್ನು ನೋಡಲು ಅವರಿರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು.

ಆ ದೊಡ್ಡ ಗುಮ್ಮಟದೊಳಗೆ ನನ್ನ ಗಮನ ಸೆಳೆದದ್ದು ದರ್ಪಣವಲ್ಲ, ಅದನ್ನು ಹೊತ್ತ ಲಾಳಾಕಾರದ ಬೃಹತ್ ಉಕ್ಕಿನ ಆಧಾರಪೀಠ. ಭೂಮಿ ಗಂಟೆಗೆ 15 ಡಿಗ್ರಿಯಂತೆ ಪೂರ್ವಕ್ಕೆ ತಿರುಗುತ್ತದೆ. ಈ ಪೀಠ ಅದೇ ವೇಗದಲ್ಲಿ ಪಶ್ಚಿಮಕ್ಕೆ ತಿರುಗಿ ನಕ್ಷತ್ರವನ್ನು ಕಣ್ಣೆದುರೇ ಹಿಡಿದಿಡುತ್ತದೆ. ಮಗಳು ಬಹಳ ಹೊತ್ತು ನೋಡಿ, ‘ಹಾಗಾದರೆ ನಮ್ಮದರಲ್ಲಿ ಕೆಟ್ಟಿದ್ದು ಕಾಲು, ಕಣ್ಣಲ್ಲ’ ಎಂದಳು. ನಾನು ಹಣ ತೆತ್ತು ಕಲಿಯದ ಪಾಠವನ್ನು ಅವಳು ಅರ್ಧ ಗಂಟೆಯಲ್ಲಿ ಕಲಿತಿದ್ದಳು.

ದೂರದರ್ಶಕದ ಉಪಯುಕ್ತ ವರ್ಧನೆಗೆ ಒಂದು ಮಿತಿಯಿದೆ: ಮುಖದ ವ್ಯಾಸದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು. 50 ಮಿಲಿಮೀಟರ್ ಮಸೂರಕ್ಕೆ 100 ಪಟ್ಟೇ ಮಿತಿ. 525 ಎಂಬುದು ಮಸುಕಿನ ವರ್ಧನೆ ಮಾತ್ರ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ವ್ಯಾಸವೆಷ್ಟು ಎಂಬುದು. ಎರಡನೆಯದು ಪೀಠ ಎಷ್ಟು ಗಟ್ಟಿ ಎಂಬುದು. ಕಣ್ಣಿನಿಂದ ನೋಡುವುದಕ್ಕಾದರೆ ಆರು ಇಂಚು ದರ್ಪಣದ ಡಾಬ್ಸೋನಿಯನ್ ಮಾದರಿ ಕೊಟ್ಟ ಹಣಕ್ಕೆ ಮೋಸವಿಲ್ಲದ್ದು. ಅದರ ಕಣ್ಣುಮಸೂರಕ್ಕೆ ಮೊಬೈಲನ್ನು ಹಿಡಿಕೆಯಿಂದ ಬಿಗಿದು ಚಂದ್ರನ ಕುಳಿಗಳ ಚಿತ್ರವನ್ನೂ ತೆಗೆಯಬಹುದು. ಆದರೆ ನೀಹಾರಿಕೆಗಳ ದೀರ್ಘ ಛಾಯಾಗ್ರಹಣಕ್ಕೆ ಅದು ಒದಗದು. ಅದಕ್ಕೆ 60ರಿಂದ 80 ಮಿಲಿಮೀಟರಿನ ಚಿಕ್ಕ ಮಸೂರದ ದೂರದರ್ಶಕ, ಮತ್ತು ಭೂಮಿಯ ತಿರುಗುವಿಕೆಯನ್ನು ಅನುಸರಿಸುವ ಈಕ್ವಟೋರಿಯಲ್ ಮೌಂಟ್ ಬೇಕು. ಹಣದ ದೊಡ್ಡ ಪಾಲನ್ನು ಮೌಂಟಿಗೇ ಮೀಸಲಿಡುವುದು ವಿವೇಕ. ಅದು ಹೊರಬಲ್ಲದೆಂದು ಹೇಳಿರುವ ಭಾರದ ಅರ್ಧದಷ್ಟನ್ನು ಮಾತ್ರ ಹೊರಿಸಬೇಕು.

ಇನ್ನೊಂದು ವಿಷಯ ನಮ್ಮ ಸೀಮೆಯವರಿಗೆ ಮುಖ್ಯ. ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದ ದಿಕ್ಕಿಗೆ ಹೊಂದಿಸಬೇಕು. ನಾವಿರುವ ಅಕ್ಷಾಂಶದಲ್ಲಿ ಧ್ರುವ ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿಯಷ್ಟೇ ಮೇಲಿರುತ್ತಾನೆ. ಪಕ್ಕದ ಮನೆಯ ನೀರಿನ ತೊಟ್ಟಿಯೇ ಅವನನ್ನು ಮರೆಮಾಡೀತು. ಹೊಸೂರಿನ ಮಹಡಿಯಿಂದ ನೋಡಿದರೆ ವಾಯವ್ಯದಲ್ಲಿ ಬೆಂಗಳೂರಿನ ದೀಪಗಳ ಹೊಗೆಬೆಳಕು ಆ ಭಾಗವನ್ನೆಲ್ಲ ಆವರಿಸಿರುತ್ತದೆ. ಕೆಲವು ಮೌಂಟುಗಳು ಅಷ್ಟು ತಗ್ಗಿಗೆ ಬಾಗುವುದೂ ಇಲ್ಲ. ಕೊಳ್ಳುವ ಮೊದಲೇ ಪರೀಕ್ಷಿಸಬೇಕು. ಪ್ರತಿಯಾಗಿ ದಕ್ಷಿಣದ ಆಕಾಶ ನಮಗೆ ಉದಾರವಾಗಿದೆ: ಯುರೋಪಿನ ಬಹುಭಾಗಕ್ಕೆ ಕಾಣದ ಅಗಸ್ತ್ಯ, ತ್ರಿಶಂಕು ನಮ್ಮ ಹೊಲದ ಬದುವಿನಿಂದಲೇ ಕಾಣುತ್ತವೆ.

ಕತ್ತಲಾದ ಮೇಲೆ, ಸಂದರ್ಶಕರಿಗಾಗಿ ಇರಿಸಿದ್ದ ಚಿಕ್ಕ ದೂರದರ್ಶಕದಲ್ಲಿ ಮಹಾವ್ಯಾಧನ ನೀಹಾರಿಕೆಯನ್ನು ನೋಡಿದೆವು. ಅನಂತರ ಆಲಂಗಾಯಂ ಸಮೀಪದ ಪರಿಚಿತರೊಬ್ಬರ ತೋಟಕ್ಕೆ ಬಂದೆವು. ದೂರದರ್ಶಕವನ್ನು ನಾವು ಒಯ್ದಿರಲಿಲ್ಲ. ಮದುವೆಗಳ ಚಿತ್ರ ತೆಗೆಯುವ ಸೋದರಳಿಯನ ಹಳೆಯ ಕ್ಯಾಮೆರಾ, 18 ಮಿಲಿಮೀಟರ್ ಮಸೂರ, ಗಟ್ಟಿಯಾದ ಒಂದು ಟ್ರೈಪಾಡ್, ಇಷ್ಟೇ. ಲುಬ್ಧಕ ನಕ್ಷತ್ರ ಪರದೆಯ ಮೇಲೆ ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಮಸೂರವನ್ನು ಕೈಯಿಂದಲೇ ತಿರುಗಿಸಿ ನಾಭಿಯನ್ನು ಹೊಂದಿಸಿದಳು. ಐಎಸ್ಒ 1600, ದ್ವಾರ ಪೂರ್ಣ ತೆರೆದದ್ದು, ಅವಧಿ 15 ಸೆಕೆಂಡು. ಅದಕ್ಕೂ ಒಂದು ಲೆಕ್ಕವಿದೆ: ಸಾಮಾನ್ಯ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಮಸೂರದ ಮಿಲಿಮೀಟರನ್ನು ಒಂದೂವರೆಯಿಂದ ಗುಣಿಸಿ, ಬಂದದ್ದರಿಂದ 500ನ್ನು ಭಾಗಿಸಿದರೆ ನಕ್ಷತ್ರಗಳು ಗೆರೆಯಾಗದ ಅವಧಿ ಸಿಗುತ್ತದೆ. 18ಕ್ಕೆ 27, 500ನ್ನು 27ರಿಂದ ಭಾಗಿಸಿದರೆ ಸುಮಾರು 18 ಸೆಕೆಂಡು. ಬೆರಳಿನ ನಡುಕ ತಾಗದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟು ಗುಂಡಿ ಒತ್ತಿದಳು.

ಪರದೆಯ ಮೇಲೆ ಚಿತ್ರ ಮೂಡಿದಾಗ ಇಬ್ಬರೂ ಮಾತಾಡಲಿಲ್ಲ. ಮಹಾವ್ಯಾಧನ ಭುಜದ ಆರ್ದ್ರಾ ಕೆಂಡದ ಬಣ್ಣದಲ್ಲಿತ್ತು. ಕಾಲಿನ ನಕ್ಷತ್ರ ನೀಲಿ. ದೂರದರ್ಶಕದಲ್ಲಿ ಬೂದಿಯಂತೆ ಕಂಡ ನೀಹಾರಿಕೆ ಇಲ್ಲಿ ಸಣ್ಣ ಗುಲಾಬಿ ಕಲೆಯಾಗಿತ್ತು. ‘ಇದು ನಾನು ತೆಗೆದದ್ದಾ?’ ಎಂದು ಅವಳು ಎರಡು ಬಾರಿ ಕೇಳಿದಳು. ಅಂಥ ಮೂವತ್ತು ಚಿತ್ರಗಳನ್ನು ತೆಗೆದು, ಮನೆಯಲ್ಲಿ ಉಚಿತ ತಂತ್ರಾಂಶದಿಂದ ಒಂದರ ಮೇಲೊಂದು ಜೋಡಿಸಿದಾಗ ಬರಿಯ ಕಣ್ಣಿಗೆ ಕಾಣದಿದ್ದ ನಕ್ಷತ್ರಗಳೂ ಮೂಡಿಬಂದವು.

ಮಕ್ಕಳು ದೂರದರ್ಶಕ ಕೇಳಿದರೆ ಪಾಲಕರು ಮೊದಲು ಅಂಗಡಿಗೆ ಹೋಗಬೇಡಿ. ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ಅವರನ್ನು ಕತ್ತಲಿರುವ ಊರಿಗೆ ಕರೆದೊಯ್ಯಿರಿ. ಕಾವಲೂರಿಗೆ ಹೋಗುವುದಾದರೆ ಸಂದರ್ಶನದ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಸೌರಶೋಧಕವಿಲ್ಲದೆ ದೂರದರ್ಶಕವನ್ನಾಗಲಿ ಕ್ಯಾಮೆರಾವನ್ನಾಗಲಿ ಸೂರ್ಯನತ್ತ ತಿರುಗಿಸದಂತೆ ಮಕ್ಕಳಿಗೆ ಎಚ್ಚರ ಹೇಳಿ. ಕ್ಷಣಮಾತ್ರದಲ್ಲಿ ಕಣ್ಣು ಹೋದೀತು.

ನಮ್ಮ ಮನೆಯ ಕಪಾಟಿನಲ್ಲಿ ಆ ದೂರದರ್ಶಕ ಇನ್ನೂ ಇದೆ. ಮಗಳು ಮೌಂಟಿಗಾಗಿ ಹಣ ಕೂಡಿಡುತ್ತಿದ್ದಾಳೆ. ನಾನೂ ನನ್ನ ಪಾಲು ಸೇರಿಸುತ್ತಿದ್ದೇನೆ. ಗೋಡೆಯ ಪಂಚಾಂಗದಲ್ಲಿ ಈಗ ಅಮಾವಾಸ್ಯೆಗಳಿಗೆಲ್ಲ ಕೆಂಪು ಗುರುತು ಬಿದ್ದಿದೆ.